ನಿಯಾಂಡರ್ತಾಲನಿಗೊಂದು ಕೋಟು

ದರ್ಜಿ ಕಣ್ಣಳತೆ ಮಾವ ಅಳತೆಯ ಟೇಪು ಮುಟ್ಟುವುದಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿದ್ದ ಸಂಗತಿ. ಗಿರಾಕಿ ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲಿ ಅವನ ಎದೆ, ತೋಳು, ಸೊಂಟವೆಲ್ಲ ಮಾವನ ತಲೆಯೊಳಗೆ ಕೂತಾಗಿರುತ್ತಿತ್ತು. ಎತ್ತರ ಒಂದು ತಿಳಿದರೆ ಮಿಕ್ಕಿದ್ದು ತಾನಾಗಿಯೇ ಬರುತ್ತದೆ ಎಂಬುದು ಅವರ ವಾದ. ಹೊಲಿದದ್ದು ಎಲ್ಲರಿಗೂ ಒಪ್ಪುತ್ತಲೂ ಇತ್ತು, ಅವರ ಹೆಂಡತಿಯೊಬ್ಬರನ್ನು ಬಿಟ್ಟು.

ಬೀದಿಯವರೆಲ್ಲ ಅತ್ತೆ ಎಂದು ಕರೆಯುವ ಆಕೆ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತು ಗುಂಡಿ, ಅದನ್ನು ತೂರಿಸುವ ಕಾಜ ನೋಡಿಕೊಳ್ಳುವವರು. ಅಗಲ ಬೆನ್ನು, ಗಿಡ್ಡ ತೋಳು. ದರ್ಜಿಯ ಹೆಂಡತಿಯಾಗಿಯೂ, ಕೈ ಎತ್ತಿದರೆ ಬಿರಿಯದಂಥ ಕೋಟು ಒಂದೂ ಅವರ ಬಳಿ ಇರಲಿಲ್ಲ. ಕೇಳಿದಾಗಲೆಲ್ಲ ಮಾವ, "ಕೋಟು ಸರಿಯಾಗೇ ಇದೆ ಕಣೆ, ನಿನ್ನ ಮೈಯೇ ಲೆಕ್ಕಕ್ಕೆ ಬರಲ್ಲ" ಎನ್ನುತ್ತಿದ್ದರು. ಅತ್ತೆ ನಕ್ಕು ಮತ್ತೆ ಗುಂಡಿ ಹಚ್ಚಲು ಕೂರುತ್ತಿದ್ದರು. ಆಸೆ ಮಾತ್ರ ಹಾಗೇ ಉಳಿದಿತ್ತು.

ಹೀಗಿರುವಾಗ ಮ್ಯೂಸಿಯಮ್ಮಿನಿಂದ ಕೆಲಸ ಬಂತು. ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ನಿಯಾಂಡರ್ತಾಲ್ ಮನುಷ್ಯನ ಆಳೆತ್ತರದ ಗೊಂಬೆ ಅಲ್ಲಿ ತಯಾರಾಗಿತ್ತು. ಅವನು ಇವತ್ತು ನಮ್ಮ ಪಕ್ಕದಲ್ಲೇ ಬಸ್ಸಿಗೆ ಕಾದು ನಿಂತರೆ ಹೇಗೆ ಕಂಡಾನು ಎಂದು ಮಕ್ಕಳಿಗೆ ತೋರಿಸಲು ಅವನಿಗೊಂದು ಕೋಟು, ಪ್ಯಾಂಟು ಬೇಕಿತ್ತು. ಮಾವ ಫೋನಿನಲ್ಲಿ ಎತ್ತರ ಕೇಳಿದರು, ಫೋನಿಟ್ಟರು, ಕತ್ತರಿ ಹಿಡಿದರು.

"ಒಂದ್ಸಲ ಹೋಗಿ ನೋಡ್ಕೊಂಡು ಬರಬಾರದಾ?" ಎಂದರು ಅತ್ತೆ.

"ಮನುಷ್ಯ ತಾನೇ?" ಎಂದರು ಮಾವ.

ತೊಡಿಸುವ ದಿನ ಬಟ್ಟೆಯ ಗಂಟಿನೊಂದಿಗೆ ಇಬ್ಬರೂ ಹೋದರು. ಕೋಟು ಹಾಕಿದರೆ ಗುಂಡಿಗೂ ಕಾಜಕ್ಕೂ ನಡುವೆ ಒಂದು ಗೇಣು ಅಂತರ. ತೋಳು ಬೆರಳ ತುದಿಯನ್ನೂ ನುಂಗಿತ್ತು. ಪ್ಯಾಂಟು ಪಾದದ ಮೇಲೆ ಮುದುಡಿ ಬಿದ್ದಿತ್ತು. ಉಬ್ಬಿದ ಹುಬ್ಬು, ದಪ್ಪ ಮೂಗು, ಇದ್ದೂ ಇಲ್ಲದಂಥ ಗದ್ದದ ಆ ಗೊಂಬೆ ನಗು ತಡೆದುಕೊಂಡಂತೆ ನಿಂತಿತ್ತು.

ಮಾವನ ಮುಖ ಸಪ್ಪಗಾಯಿತು. "ಗೊಂಬೆ ಮಾಡಿದೋರು ಎಡವಟ್ಟು ಮಾಡಿದ್ದಾರೆ. ಇದ್ಯಾವ ಸೀಮೆ ಮೈ?"

ಹಳೆಯ ಮೂಳೆಗಳ ಅಧ್ಯಯನವೇ ಕಸುಬಾಗಿದ್ದ ಅಲ್ಲಿಯ ಮೇಡಂ ಬೇಸರಿಸಿಕೊಳ್ಳಲಿಲ್ಲ. "ನಮ್ಮದೂ ಇವನದೂ ಒಂದೇ ಬುಡ. ಕವಲೊಡೆದ ಮೇಲೆ ಲಕ್ಷಾಂತರ ವರ್ಷ ಬೇರೆ ಬೇರೆ ಕಡೆ ಬೆಳೆದ್ವಿ. ಇವನ ಹಿಂದಿನೋರು ಚಳಿ ನಾಡಲ್ಲಿ ಬಾಳಿದೋರು. ಮುಂಗೈ, ಮೊಣಕಾಲಿನ ಕೆಳಗಿನ ಭಾಗ ಗಿಡ್ಡ ಇದ್ರೆ ಮೈಬಿಸಿ ಬೇಗ ಹೋಗಲ್ಲ, ಅದಕ್ಕೇ ಹೀಗೆ ಅಂತ ಊಹೆ. ಪಕ್ಕೆಗೂಡು ಕೆಳಗಡೆ ಅಗಲ, ಸೊಂಟವೂ ಅಗಲ. ಇವನ ಮೈ ಇವನಿಗೆ ಸರಿಯಾಗೇ ಇತ್ತು, ಟೈಲರ್ ಮೇಷ್ಟ್ರೇ. ನಮ್ಮ ಲೆಕ್ಕದಲ್ಲಿ ಬಟ್ಟೆ ಕತ್ತರಿಸಿದ್ರೆ ಒಪ್ಪಲ್ಲ, ಅಷ್ಟೇ."

ಅತ್ತೆಗೆ ಒಳಗಿನಿಂದಲೇ ಸಂತೋಷ ಉಕ್ಕಿತು. ಇಷ್ಟು ವರ್ಷ ತಮ್ಮ ಪರವಾಗಿ ಯಾರೂ ಆಡದ ಮಾತು ಅದು. "ಇವನೂ ಲೆಕ್ಕಕ್ಕೆ ಬರದೋನು ಅನ್ನಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾವ ಗೊಂಬೆಯ ಅಗಲ ಬೆನ್ನು ನೋಡಿದರು. ಆಮೇಲೆ ಹೆಂಡತಿಯದು ನೋಡಿದರು. ಮೆಲ್ಲಗೆ ಮೇಡಂ ಕಡೆ ತಿರುಗಿದರು.

"ಇಲ್ಲಿ ಟೇಪು ಸಿಗುತ್ತಾ?"

ಅತ್ತೆ ತಮ್ಮ ಚೀಲದಿಂದ ಒಂದನ್ನು ತೆಗೆದುಕೊಟ್ಟರು. ಮಡಿಕೆ ಕೂಡ ಬಿಚ್ಚದ ಹೊಸ ಟೇಪು. ಯಾವತ್ತಾದರೂ ಬೇಕಾದೀತು ಎಂದು ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು.

ಮಾವ ಗೊಂಬೆಯನ್ನು ಹೊಸ ಗಿರಾಕಿಯೆಂಬಂತೆ ಮರ್ಯಾದೆಯಿಂದ ಅಳೆದರು. ಕೊನೆಗೆ ಟೇಪನ್ನು ಕೊರಳಿಗೆ ಹಾಕಿಕೊಂಡು ತಿರುಗಿ, "ಕೈ ಎತ್ತು" ಎಂದರು.

"ಇಲ್ಲೇನಾ?"

"ಅವನದಾಯ್ತು. ಈಗ ನಿನ್ನ ಸರದಿ."

ಟೇಪು ಬೆನ್ನ ಸುತ್ತ ಬಂದಾಗ ಅತ್ತೆಗೆ ಕಚಗುಳಿಯಾಯಿತು. "ನಿನ್ನ ಬೆನ್ನು ಇಷ್ಟು ಅಗಲ ಅಂತ ಗೊತ್ತೇ ಇರಲಿಲ್ಲವಲ್ಲೇ" ಎಂದರು ಮಾವ.

"ಮದುವೆ ದಿನದಿಂದ ಇಷ್ಟೇ ಇದೆ."

ಒಂದೇ ಬಟ್ಟೆಯಲ್ಲಿ ಎರಡು ಕೋಟು ಸಿದ್ಧವಾದವು. ಪ್ರದರ್ಶನ ತೆರೆದ ದಿನ ಗೊಂಬೆಯ ಪಕ್ಕದಲ್ಲಿ ಗುಂಡಿಯೆಲ್ಲ ಹಾಕಿಕೊಂಡು ನಿಂತಿದ್ದ ಅತ್ತೆಯನ್ನು ಒಂದು ಪುಟ್ಟ ಹುಡುಗಿ, "ಇವನು ನಿಮ್ಮೋನಾ?" ಎಂದು ಕೇಳಿದಳು.

"ದೂರದ ನೆಂಟ ಪುಟ್ಟಾ" ಎಂದು ಅತ್ತೆ ಎರಡೂ ಕೈ ಮೇಲೆತ್ತಿ ಅವನ ಕಾಲರು ಸರಿಮಾಡಿದರು. ಎಲ್ಲೂ ಒಂದು ಹೊಲಿಗೆಯೂ ಬಿರಿಯಲಿಲ್ಲ.