ನಾಚಿಕೆ ಮೀನಿನ ಕಾವಲು

ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತ ಬಸ್ಸನ್ನು ಚಿಕ್ಕಮುನಿಯಪ್ಪ ಎಂದೂ ಸಹಿಸಿದವನಲ್ಲ. ಸೀಟಿ ಊದಿ, ತಗಡಿಗೆ ಅಂಗೈಯಿಂದ ಎರಡೇಟು ಬಡಿದು ಬಸ್ಸುಗಳನ್ನು ಸಾಗಹಾಕುವುದೇ ಕಂಟ್ರೋಲರ್ ಆಗಿ ಅವನು ಮಾಡಿದ ಕೆಲಸ. ರಿಟೈರಾದ ಮೇಲೆ ಸೀಟಿ ಹೋಯಿತು, ಅಂಗೈ ಉಳಿಯಿತು. ಈಗ ಹಲಸೂರಿನ ಮನೆಯ ನಡುಮನೆಯಲ್ಲಿ, ಮಗಳ ಮೀನಿನ ತೊಟ್ಟಿಯ ಗಾಜಿಗೆ ಆ ಅಂಗೈ ಬೀಳುತ್ತಿತ್ತು.

"ರೈಟ್, ರೈಟ್. ಈಚೆ ಬಾ."

ಉಪ್ಪುನೀರಿನ ತೊಟ್ಟಿ ಅದು. ಪಟ್ಟೆಪಟ್ಟೆಯ ಜೋಡಿ ಮೀನು ಎದುರಿಗೇ ಆಡಿಕೊಂಡಿದ್ದವು. ಕಾಣದೆ ಸತಾಯಿಸುತ್ತಿದ್ದದ್ದು ಹೊಸದು: ಬೆರಳುದ್ದದ ಬಿಳಿ ಮೈ, ಬಾಲದ ಕಡೆಗೆ ಕೆಂಪು, ಬೆನ್ನ ಮೇಲೆ ಕಡ್ಡಿಯ ಹಾಗೆ ನಿಂತ ಒಂದು ರೆಕ್ಕೆ. ಶಿವಾಜಿನಗರದ ಮುನೀರನ ಅಂಗಡಿಯಿಂದ ಮಗಳು ಪೂಜಿತಾ ತಂದ ದಿನವೇ ಅದು ಕಲ್ಲಿನ ತೂತಿಗೆ ನುಗ್ಗಿತ್ತು. ಆಮೇಲೆ ಅಪರೂಪಕ್ಕೆ ಮೂತಿ ತೋರಿಸುತ್ತಿತ್ತು. ಅವಳು ಆಫೀಸಿನ ಕೆಲಸದ ಮೇಲೆ ಮೈಸೂರಿಗೆ ಹೋದಾಗಿನಿಂದ ಅದೂ ಇಲ್ಲ.

"ಚಿಟಿಕೆ ಊಟ ಹಾಕು ಅಪ್ಪ, ಸಾಕು. ಕೈ ಮಾತ್ರ ಹಾಕ್ಬೇಡ" ಎಂದು ಹೇಳಿ ಹೋಗಿದ್ದಳು. ಈಚೆಗೆ ಅವಳು ಅಪ್ಪನೊಡನೆ ಆಡುತ್ತಿದ್ದ ಮಾತೆಲ್ಲ ಈ ಮೀನುಗಳದ್ದೇ. ನಿಶ್ಚಯವಾಗಿದ್ದ ಅವಳ ಮದುವೆ ಮುರಿದದ್ದು ಯಾಕೆಂದು ಅವನು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದ. ಅವಳು ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಿದ್ದಳು. ಅವನು ಹೋಗಿ ಆ ಬಾಗಿಲನ್ನೂ ಬಡಿಯುತ್ತಿದ್ದ. ಈ ಮೀನೂ ಸತ್ತರೆ ಮಗಳ ಜೊತೆ ಮಾತಾಡಲು ಇನ್ನೇನು ಉಳಿಯುತ್ತದೆ ಎಂಬ ದಿಗಿಲು ಅವನನ್ನು ಕುಂತಲ್ಲಿ ಕೂರಲು ಬಿಡಲಿಲ್ಲ. ಮುನೀರನಿಗೆ ಫೋನ್ ಮಾಡಿದ.

"ನಾಚ್ಕೆ ಮೀನು ಅಂಕಲ್ ಅದು. ಅಡಗಿದ್ರೆ ಒಳ್ಳೇದೇ," ಎಂದ ಮುನೀರ್. "ಸತ್ತು ಒಳಗೇ ಕೊಳೀತಿದ್ರೆ ಮಾತ್ರ ನೀರು ಕೆಡುತ್ತೆ. ಆ ಜೋಡೀನೂ ಹೋಗುತ್ತೆ."

"ಅಡಗಿದ್ಯೋ ಸತ್ತಿದ್ಯೋ ಗೊತ್ತಾಗೋದ್ ಹೆಂಗಪ್ಪ?"

"ಕಾಯ್ಬೇಕು ಅಂಕಲ್."

ಕಾಯುವುದೊಂದನ್ನು ಬಿಟ್ಟು ಬೇರೆ ಏನು ಹೇಳಿದ್ದರೂ ಚಿಕ್ಕಮುನಿಯಪ್ಪ ಮಾಡುತ್ತಿದ್ದ. ಟಾರ್ಚ್ ಬಿಟ್ಟು ನೋಡಿದ. ಬಗ್ಗಿ ನೀರು ಮೂಸಿದ. ಕೆಟ್ಟ ವಾಸನೆ ಬಂದಂತೆಯೂ ಇತ್ತು, ಬಾರದಂತೆಯೂ ಇತ್ತು. ಮತ್ತೆ ಗಾಜು ಬಡಿದ. ತರಕಾರಿಗೆಂದು ಚೀಲ ಹಿಡಿದು ಹೊರಟಿದ್ದ ಹೆಂಡತಿ ಶಾಂತಕುಮಾರಿ ಬಾಗಿಲಲ್ಲಿ ನಿಂತಳು.

"ರೀ, ಬಿಟ್ಬಿಡ್ರಿ ಅದನ್ನ. ನೀವು ಬಡಿದಷ್ಟೂ ಒಳಗ್ ಹೋಗುತ್ತೆ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎಂಬ ಮಾತು ಹುಟ್ಟಿದ್ದೇ ಇಂಥವರಿಂದ. ಅವಳು ಗೇಟು ದಾಟಿದ್ದೇ ತಡ, ಅವನು ತೊಟ್ಟಿಯೊಳಗೆ ಕೈ ಇಳಿಸಿಯೇಬಿಟ್ಟ. ತೂತು ತೂತಾದ ದೊಡ್ಡ ಕಲ್ಲನ್ನು ಎತ್ತಿ, ನೀರು ಸುರಿಸುತ್ತ ತಂದು ಖಾಲಿ ಪ್ಲಾಸ್ಟಿಕ್ ಟಬ್ಬಿನಲ್ಲಿಟ್ಟ. ವಾಪಸ್ ಬಂದು ಮರಳು ಕೆದಕಿದ, ಪಂಪಿನ ಹಿಂದೆ ನೋಡಿದ. ಮೀನೂ ಇಲ್ಲ, ಅದರ ಹೆಣವೂ ಇಲ್ಲ. ಜೋಡಿ ಮೀನು ಹೆದರಿ ಮೂಲೆ ಸೇರಿದ್ದವು. ಎಲ್ಲಿ ಹಾಳಾಗಿ ಹೋಯಿತು ಎಂದುಕೊಳ್ಳುತ್ತಿರುವಾಗ, ಬೆನ್ನ ಹಿಂದೆ ಟಬ್ಬಿನಲ್ಲಿ ಪಟಪಟ ಸದ್ದಾಯಿತು.

ಮೀನು ಕಲ್ಲಿನೊಳಗೇ ಇತ್ತು. ಬದುಕಿದ್ದ ಮೀನನ್ನು ಅವನೇ ನೀರಿನಿಂದ ಎತ್ತಿ ಆಚೆ ತಂದಿದ್ದ.

ಓಡಿ ಟಬ್ಬಿಗೆ ಕೈ ಹಾಕಿದ. ಬೊಗಸೆಗೆ ಸಿಗದೆ ಜಾರಿ ಜಾರಿ, ಕೊನೆಗೂ ಸಿಕ್ಕಿತು. ನೀರಿಗೆ ಬಿಟ್ಟರೆ ಒಂದು ಮಗ್ಗುಲಾಗಿ ಮರಳಿನ ಮೇಲೆ ಬಿತ್ತು. ಕಲ್ಲನ್ನು ಅದರ ಪಕ್ಕಕ್ಕೆ ಹೇಗೆ ಬಂತೋ ಹಾಗೆ ಇಟ್ಟ. ಕದಡಿದ ನೀರಿನಲ್ಲಿ ಮತ್ತೇನೂ ಕಾಣಲಿಲ್ಲ.

ಅವನ ನೆನೆದ ಬನಿಯನ್ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಪೂಜಿತಾ ಬಂದಳು. ಬ್ಯಾಗು ಇಳಿಸುವ ಮೊದಲೇ ತಲೆಕೆಳಗಾದ ಕಲ್ಲನ್ನು ನೋಡಿದಳು, ಆಮೇಲೆ ಅಪ್ಪನನ್ನು.

"ಕಲ್ಲು ಎತ್ತಿದ್ಯಾ ಅಪ್ಪ?"

"ಎತ್ತಿದೆ ಕಣಮ್ಮ. ಅದ್ರೊಳಗೇ ಇತ್ತು, ಟಬ್ಬಿಗೆ ಬಿದ್ಬಿಡ್ತು. ನೀರಿಗೇನೋ ಹಾಕ್ದೆ. ಬದುಕಿದ್ಯೋ ಇಲ್ವೋ ಗೊತ್ತಿಲ್ಲ."

ಅವಳು ಬೈಯಲಿಲ್ಲ. ತೊಟ್ಟಿಯ ದೀಪ ಆರಿಸಿ ನೆಲದ ಮೇಲೆ ಕೂತಳು. "ಕೂತ್ಕೊ. ಗಾಜು ಮುಟ್ಬೇಡ."

ಕೂತ. ಕಾಲು ತಾನಾಗಿಯೇ ಅಲುಗುತ್ತಿತ್ತು; ಅವಳು ಅವನ ಮಂಡಿಯ ಮೇಲೆ ಕೈಯಿಟ್ಟಳು. ಶಾಂತಕುಮಾರಿ ತರಕಾರಿ ತಂದವಳು, ಇಬ್ಬರನ್ನೂ ನೋಡಿ ಸದ್ದಿಲ್ಲದೆ ಅಡುಗೆಮನೆಗೆ ಹೋದಳು. ನೀರು ಮೆಲ್ಲಗೆ ತಿಳಿಯಾಯಿತು. ಬಹಳ ಹೊತ್ತಿನ ಮೇಲೆ ಕಲ್ಲಿನ ಸಂದಿಯಲ್ಲಿ ಒಂದು ಕಣ್ಣು ಕಂಡಿತು, ಆಮೇಲೆ ಬೆನ್ನಿನ ರೆಕ್ಕೆ. ಅದರ ತುದಿ ಸೀಳಿಹೋಗಿತ್ತು. ಒಮ್ಮೆ ಆಡಿತು.

ಚಿಕ್ಕಮುನಿಯಪ್ಪನಿಗೆ ಅಳು ಬಂತು. ಅಂಗೈ ಗಾಜಿನತ್ತ ಎದ್ದಿತು; ಅದನ್ನು ಎಳೆದು ತೊಡೆಯ ಕೆಳಗೆ ಅದುಮಿಕೊಂಡ.

"ನಾನೇ ಬೇಡ ಅಂದಿದ್ದು ಅಪ್ಪ, ಆ ಮದ್ವೇನ," ಎಂದಳು ಪೂಜಿತಾ, ಮೀನನ್ನೇ ನೋಡುತ್ತ.

ಯಾಕೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ನುಂಗಿ, ಇನ್ನೊಂದು ಅಂಗೈಯನ್ನೂ ತೊಡೆಯಡಿಗೆ ಸೇರಿಸಿಕೊಂಡು ಕಾದ.