ಅಲುಗದ ಅಂಕಿ

ಪಾರ್ಲರಿನ ಎ.ಸಿ. ಎರಡನೇ ಸಲ ಸತ್ತಿತ್ತು. ಅದೇ ಯಂತ್ರ, ಅದೇ ಕಾಯಿಲೆ: ಕಂಪ್ರೆಸರ್ ಸುಟ್ಟುಹೋಗಿತ್ತು. ಕಳೆದ ಬೇಸಿಗೆಯಲ್ಲಿ ಅದನ್ನು ಬದಲಾಯಿಸಿದ್ದವನು ಭಾವ. ಈ ಸಲ ಅವನು ನಾದಿನಿಯನ್ನು ಕಳಿಸಿದ.

"ನೀನೇ ಹೋಗು, ನೀನೇ ಮುಗಿಸು. ಸಂಜೆಯೊಳಗೆ ತಣ್ಣಗಾಗ್ಬೇಕು. ಇಲ್ಲಾಂದ್ರೆ ನಾಳೆಯಿಂದ ಮತ್ತೆ ಕೌಂಟರ್‌ನಲ್ಲಿ ಕೂತು ರಿಮೋಟ್ ಮಾರ್ಕೊಂಡಿರು," ಎಂದಿದ್ದ.

ಅಕ್ಕನ ಮದುವೆಯಾದ ಮೇಲೆ ಅವಳು ಭಾವನ ಅಂಗಡಿಗೆ ಬಂದದ್ದೇ ಆ ಕೌಂಟರಿಗೆ. ರಿಮೋಟು, ಸ್ಟೆಬಿಲೈಸರು ಮಾರುತ್ತ, ಗಿರಾಕಿ ಇಲ್ಲದಾಗ ಹಿಂದಿನ ಕೋಣೆಗೆ ನುಸುಳಿ ಕೆಲಸ ಕಲಿತಳು. ತಾಮ್ರದ ಪೈಪು ಬೆಸೆಯುವುದನ್ನು ಕೈಹಿಡಿದು ಹೇಳಿಕೊಟ್ಟವನು ಭಾವನೇ. ವ್ಯಾಕ್ಯೂಮ್ ಪಂಪು ಮತ್ತು ಅದಕ್ಕೊಂದು ಮೀಟರು ಬೇಕೆಂದು ಅವಳು ಹಟ ಹಿಡಿದ ದಿನದಿಂದ ಮಾತ್ರ ಅವನ ಬಾಯಲ್ಲಿ ಅವಳ ಹೆಸರು ಮೀಟರಮ್ಮ ಎಂದಾಯಿತು. ಅಂಗಡಿಯವರೆಲ್ಲ ಅದನ್ನೇ ಹಿಡಿದರು. ಒಬ್ಬಳನ್ನೇ ನಂಬಿ ಕಳಿಸಿದ ಮೊದಲ ಕೆಲಸ ಇದು.

ಪಾರ್ಲರು ಮೊದಲನೇ ಮಹಡಿಯಲ್ಲಿ. ಕನ್ನಡಿಗಳೆದುರು ಸಾಲಾಗಿ ಕುರ್ಚಿಗಳು, ಗೋಡೆಯ ಮೇಲೆ ಎ.ಸಿ.ಯ ಒಳಗಿನ ಪೆಟ್ಟಿಗೆ. ಗಾಜಿನ ಬಾಗಿಲಾಚೆ ಕಿರಿದಾದ ಬಾಲ್ಕನಿಯಲ್ಲಿ ಹೊರಗಿನ ಪೆಟ್ಟಿಗೆ. ಮಧ್ಯಾಹ್ನದ ಹೊತ್ತಿಗೆ ಹೊಸ ಕಂಪ್ರೆಸರು ಕೂತಿತ್ತು. ಬೆಸುಗೆ ಮುಗಿದಿತ್ತು. ನೈಟ್ರೋಜನ್ ತುಂಬಿ, ಪ್ರತಿ ಕೂಡುಗೆಗೂ ಸೋಪಿನ ನೊರೆ ಹಚ್ಚಿ ಸೋರಿಕೆ ಇದೆಯೇ ಎಂದು ನೋಡಿದ್ದಳು. ಒಂದು ಗುಳ್ಳೆಯೂ ಏಳಲಿಲ್ಲ. ನೈಟ್ರೋಜನ್ ಹೊರಬಿಟ್ಟು, ಪಂಪು ಜೋಡಿಸಿ, ಬಕೆಟ್ಟೊಂದನ್ನು ಬೋರಲು ಹಾಕಿಕೊಂಡು ಅದರ ಮೇಲೆ ಕೂತಳು. ಪಂಪು ಗುರುಗುಟ್ಟತೊಡಗಿತು.

ಇನ್ನು ಕೆಲಸವೆಂದರೆ ಕಾಯುವುದು. ತೆರೆದ ಪೈಪಿನೊಳಗೆ ಗಾಳಿಯ ಜೊತೆ ಕಣ್ಣಿಗೆ ಕಾಣದಷ್ಟು ನೀರೂ ಸೇರಿಕೊಂಡಿರುತ್ತದೆ. ಪಂಪು ಒಳಗಿನ ಒತ್ತಡವನ್ನು ಎಷ್ಟು ಇಳಿಸುತ್ತದೆಂದರೆ, ಬೆಂಕಿ ಇಲ್ಲದೆ, ಕೋಣೆಯ ಬಿಸಿಯಲ್ಲೇ ಆ ನೀರು ಕುದಿದು ಆವಿಯಾಗುತ್ತದೆ. ಆವಿಯನ್ನು ಪಂಪು ಹೊರಗೆಸೆಯುತ್ತದೆ. ಎಸೆಯದೆ ಉಳಿಸಿದರೆ ಅದು ಕಂಪ್ರೆಸರಿನ ಎಣ್ಣೆಗೆ ಸೇರಿ ಆಮ್ಲವಾಗುತ್ತದೆ. ಮೋಟಾರಿನ ತಂತಿಯ ಮೇಲಿನ ವಾರ್ನಿಷನ್ನು ದಿನಾ ಇಷ್ಟಿಷ್ಟೇ ತಿನ್ನುತ್ತದೆ. ಒಳಗೆ ಉಳಿದ ಒತ್ತಡವನ್ನು ತೋರಿಸುವ ಮೀಟರಿನ ಅಂಕಿ ಐನೂರು ಮೈಕ್ರಾನಿಗಿಂತ ಕೆಳಗಿಳಿಯಬೇಕು. ಆಮೇಲೆ ಪಂಪನ್ನು ಬೇರ್ಪಡಿಸಿ ನಿಲ್ಲಿಸಿ, ಅಂಕಿ ಅಲ್ಲೇ ನಿಲ್ಲುತ್ತದೆಯೇ ಎಂದು ನೋಡಬೇಕು. ನೋಡುತ್ತ ಕೂತವರು ನೋಡುವವರ ಕಣ್ಣಿಗೆ ಸೋಮಾರಿಗಳ ಹಾಗೆ ಕಾಣುತ್ತಾರೆ.

"ಏನಮ್ಮಾ, ಇದು ರಿಪೇರಿನಾ, ತಪಸ್ಸಾ?" ಒಳಗಿನಿಂದ ಪ್ರಶ್ನೆ ಬಂತು. ಕೇಳಿದವರು ನಿವೃತ್ತ ಟೀಚರು. ತಲೆಗೆ ಬಣ್ಣ ಹಚ್ಚಿಸಿಕೊಂಡು, ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು, ಹಳೆಯ ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ತಪಸ್ಸೇ ಟೀಚರ್. ವರ ಸಿಗೋದು ಸ್ವಲ್ಪ ತಡ."

"ಅಷ್ಟರಲ್ಲಿ ನನ್ನ ಬಣ್ಣ ಇಳಿದು ಕುತ್ತಿಗೆಗೆ ಬರತ್ತೆ."

ಪಾರ್ಲರಿನ ಒಡತಿಯನ್ನು ಗಿರಾಕಿಗಳೆಲ್ಲ ಅಕ್ಕ ಎನ್ನುತ್ತಿದ್ದರು. ಅವಳು ಬಾಗಿಲಿಗೆ ಬಂದು ಇಣುಕಿದಳು. "ಹೋದ ಸಲ ನಿಮ್ಮ ಭಾವ ಬಂದು, ನಾನೊಂದು ತಲೆ ಕತ್ತರಿಸೋ ಅಷ್ಟರಲ್ಲಿ ಮುಗಿಸಿ ಹೋಗಿದ್ರಪ್ಪ."

ಭಾವ ಪಂಪು ಹಚ್ಚುವುದಿಲ್ಲವೆಂದು ಮೀಟರಮ್ಮನಿಗೆ ಗೊತ್ತಿತ್ತು. ಒಂದು ತುದಿಯಿಂದ ಸ್ವಲ್ಪ ಗ್ಯಾಸ್ ಬಿಟ್ಟು ಇನ್ನೊಂದು ತುದಿಯಿಂದ ಗಾಳಿಯನ್ನು ಹೊರಗೆ ಹಾಯಿಸುವುದು ಅವನ ಪದ್ಧತಿ. "ಗ್ಯಾಸೇ ಗಾಳಿ ಕತ್ತು ಹಿಡಿದು ಆಚೆ ದಬ್ಬತ್ತೆ, ಪಂಪು ಯಾಕೆ?" ಎನ್ನುತ್ತಿದ್ದ. ಅವನು ಕೆಲಸ ಕಲಿತ ಕಾಲದ ಯಂತ್ರಗಳಲ್ಲಿ ಅದು ನಡೆಯುತ್ತಿತ್ತು. ಆ ಎಣ್ಣೆ ನೀರನ್ನು ಅಷ್ಟಾಗಿ ಹೀರುತ್ತಿರಲಿಲ್ಲ. ಈಗಿನ ಎಣ್ಣೆ ಬಾಯಾರಿದವರ ಹಾಗೆ ಕುಡಿಯುತ್ತದೆ.

ಅವಳು ಮೀಟರು ನೋಡಿದಳು. ಅಂಕಿ ಆಗಲೇ ಐನೂರು ದಾಟಿ ಕೆಳಗಿಳಿದಿತ್ತು. ಹೆಮ್ಮೆಯೆನಿಸಿತು. ಪಂಪಿನ ಕಡೆಯ ಕವಾಟ ಮುಚ್ಚಿ ಪಂಪು ನಿಲ್ಲಿಸಿದಳು.

ಅದೇ ಹೊತ್ತಿಗೆ ಭಾವ ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದ. ಬೆವರು ಒರೆಸಿಕೊಂಡು ಮೀಟರಿನತ್ತ ಬಗ್ಗಿದ. "ಇಳೀತಾ?"

"ಇಳೀತು."

"ನಿಂತಿದೆಯಾ?"

"ನಿಂತಿದೆ."

"ಸರಿ ಮತ್ತೆ, ನಿನ್ನ ಪೂಜೆ ಮುಗೀತಲ್ಲ. ಹೋಸ್ ಕೊಡು." ಒಳಗೆ ತಿರುಗಿ ಕೂಗಿದ, "ಅಕ್ಕಾ, ಕಿಟಕಿ ಮುಚ್ಕೊಳಿ! ಈಗ ಬಂತು ನಿಮ್ಮ ತಂಪು!"

ಒಳಗೆ ಯಾರೋ ಚಪ್ಪಾಳೆ ತಟ್ಟಿದರು. ಕಿಟಕಿಗಳು ಒಂದೊಂದೇ ಮುಚ್ಚಿಕೊಂಡವು.

ಮೀಟರಮ್ಮ ಏಳಲಿಲ್ಲ. ಅಂಕಿ ಅಲುಗುತ್ತಿರಲಿಲ್ಲ. ಒಂದಿಷ್ಟೂ ಅಲುಗುತ್ತಿರಲಿಲ್ಲ. ಸುಟ್ಟ ಯಂತ್ರವೊಂದರ ಪೈಪನ್ನು ಬೆಳಿಗ್ಗೆಯೆಲ್ಲ ಬಿಚ್ಚಿಟ್ಟು, ಈಗಷ್ಟೇ ಮುಚ್ಚಿ, ಮೊದಲ ಎಳೆತಕ್ಕೇ ಅಂಕಿ ಕಲ್ಲಿನ ಹಾಗೆ ನಿಂತುಬಿಡುವುದೆಂದರೇನು? ಸ್ವಲ್ಪವಾದರೂ ಏರಬೇಕಿತ್ತು. ಅಷ್ಟು ಬೇಗ ಇಳಿಯಲೂಬಾರದಿತ್ತು.

ಅವಳು ಪಂಪಿನ ಹೋಸಿನ ಗುಂಟ ಬೆರಳಾಡಿಸಿಕೊಂಡು ಹೋದಳು. ಹೋಸು ಯಂತ್ರವನ್ನು ಸೇರುವಲ್ಲಿ ಒಂದು ಸಣ್ಣ ಕವಾಟವಿದೆ. ಅದರ ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಅದು ಅಡ್ಡಕ್ಕಿತ್ತು. ನೈಟ್ರೋಜನ್ ಹೊರಬಿಟ್ಟ ಮೇಲೆ ಹೊರಗಿನ ಗಾಳಿ ನುಗ್ಗದಿರಲೆಂದು ಅವಳೇ ಮುಚ್ಚಿದ್ದಳು. ತೆರೆಯಲು ಮರೆತಿದ್ದಳು. ಇಷ್ಟು ಹೊತ್ತು ಪಂಪು ಖಾಲಿ ಮಾಡಿದ್ದು ತೋಳುದ್ದದ ಹೋಸನ್ನು. ಯಂತ್ರದೊಳಗಿನ ಗಾಳಿ, ನೀರು ಎಲ್ಲ ಎಲ್ಲಿತ್ತೋ ಅಲ್ಲೇ ಇತ್ತು.

ಅದು ಅವಳೊಬ್ಬಳಿಗೇ ಗೊತ್ತು. ಭಾವ ಸಿಲಿಂಡರಿನ ಮುಚ್ಚಳ ತಿರುಗಿಸುತ್ತಿದ್ದ. ಸುಮ್ಮನಿದ್ದರೆ ಗ್ಯಾಸ್ ಹೋಗುತ್ತದೆ, ಯಂತ್ರ ತಿರುಗುತ್ತದೆ, ಸಂಜೆಗೆ ಕೋಣೆಯೂ ತಣ್ಣಗಾಗುತ್ತದೆ. ಅವಳು ಮೆಕ್ಯಾನಿಕ್ಕಾಗಿಯೇ ಉಳಿಯುತ್ತಾಳೆ. ಕೆಡುವುದು ಮುಂದಿನ ಬೇಸಿಗೆಗೆ.

"ಭಾವ, ಗ್ಯಾಸ್ ಬಿಡ್ಬೇಡಿ."

"ಯಾಕೆ?"

"ಕವಾಟ ಮುಚ್ಚಿತ್ತು. ನಾನೇ ತೆಗೆಯೋದು ಮರೆತಿದ್ದೆ. ಬರೀ ಹೋಸ್‌ನ ಗಾಳಿ ಎಳೆದಿದ್ದೀನಿ. ಮೊದಲಿಂದ ಮಾಡ್ಬೇಕು."

ಭಾವ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಕ್ಕ. ಬಾಲ್ಕನಿಯ ಸರಳು ಹಿಡಿದುಕೊಂಡು, ಹೊಟ್ಟೆ ಕುಣಿಯುವಂತೆ ನಕ್ಕ. "ಕೇಳಿದ್ರಾ ಅಕ್ಕಾ! ಮಧ್ಯಾಹ್ನದಿಂದ ನಮ್ಮ ಮೀಟರಮ್ಮ ಖಾಲಿ ಹೋಸ್‌ಗೆ ಸೇವೆ ಮಾಡ್ತಾ ಕೂತಿದ್ಲಂತೆ! ಅಂಗಡೀಲಿ ನನಗೇ ಪಾಠ ಹೇಳ್ತಾಳೆ. ಗುರುವಿಗೇ ತಿರುಮಂತ್ರ!"

ಒಳಗೂ ನಗು ಹಬ್ಬಿತು. ಟೀಚರ ಟೋಪಿ ಅಲ್ಲಾಡುತ್ತಿತ್ತು. ಅಕ್ಕ ಮಾತ್ರ ನಗಲಿಲ್ಲ. ಕಿಟಕಿಗಳನ್ನು ಮತ್ತೆ ತೆರೆಯಲು ಹೋದಳು, ಒಂದೊಂದನ್ನೂ ದಢಾರನೆ ತೆರೆದಳು.

"ಹೌದು, ಮರೆತೆ," ಎಂದಳು ಮೀಟರಮ್ಮ. ಕಿವಿ ಕೆಂಪಾಗಿತ್ತು, ದನಿ ನಡುಗಲಿಲ್ಲ. "ಈಗ ಒಳಗಿಂದು ಎಳೀತೀನಿ."

"ನೆಲಕ್ಕೆ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂದ್ರೆ ಇದೇ ನೋಡು."

"ಮೀಸೆ ಇರೋದು ನಿಮ್ಗೆ ಭಾವ. ನಂಗೆ ಮಣ್ಣಾಗೋಕೆ ಏನಿದೆ? ಬಿದ್ದೆ, ಎದ್ದೆ. ಮತ್ತೆ ಶುರು ಮಾಡ್ತೀನಿ."

ನಗು ಈ ಸಲ ಭಾವನ ಕಡೆ ತಿರುಗಿತು. ಅವನ ಮುಖ ಬಿಗಿಯಾಯಿತು. "ಸಾಕು ಆಟ. ಹೋಸ್ ಕೊಡು. ನಾನು ಗ್ಯಾಸಲ್ಲೇ ಗಾಳಿ ಹಾಯಿಸಿ ಮುಗಿಸ್ತೀನಿ. ನೀನು ಟೂಲ್ ಬ್ಯಾಗ್ ಕಟ್ಟು."

ಅವಳು ಎದ್ದಳು. ಗ್ಯಾಸ್ ತುಂಬುವ ಹೋಸನ್ನು ಸುರುಳಿ ಸುತ್ತಿದಳು. ಬಕೆಟ್ಟನ್ನೆತ್ತಿ, ಸುರುಳಿಯನ್ನು ಅದರಡಿ ಇಟ್ಟು, ಮತ್ತೆ ಬೋರಲು ಹಾಕಿ, ಅದರ ಮೇಲೆ ಕೂತಳು.

"ಏನೇ ಇದು?"

"ಬೇಕಿದ್ರೆ ನನ್ನ ಎಬ್ಬಿಸಿ ತಗೊಳಿ."

"ಮನೇಲಿ ನಿಮ್ಮಕ್ಕಂಗೆ ಹೇಳ್ತೀನಿ."

"ಹೇಳಿ. ಈ ಹಟ ಅವಳಿಂದಾನೇ ಕಲಿತದ್ದು ಅಂತಾನೂ ಹೇಳಿ."

"ನಾಳೆಯಿಂದ ಕೌಂಟರ್."

"ನಾಳೇದು ನಾಳೆ. ಇವತ್ತು ಬಕೆಟ್ ಮೇಲಿದ್ದೀನಿ."

ಅವಳು ಪಂಪು ಹಚ್ಚಿ, ಯಂತ್ರದ ಕವಾಟದ ಹಿಡಿಯನ್ನು ಉದ್ದಕ್ಕೆ ತಿರುಗಿಸಿದಳು. ಮೀಟರಿನ ಅಂಕಿ ಅಳತೆಯಾಚೆ ಜಿಗಿಯಿತು. ಪಂಪು ಗುಟುಕು ಸಿಕ್ಕಿಕೊಂಡವರ ಹಾಗೆ ಕೆಮ್ಮಿತು. ಆಮೇಲೆ ಭಾರವಾಗಿ ಎಳೆಯತೊಡಗಿತು. ಪಂಪಿನ ಹೊಟ್ಟೆಯಲ್ಲಿ ಎಣ್ಣೆ ನೋಡಲು ಒಂದು ದುಂಡು ಗಾಜಿದೆ. ಬೆಳಿಗ್ಗೆ ತುಂಬಿದ ಹೊಸ ಎಣ್ಣೆ ಅಲ್ಲಿ ನೀರಿನಷ್ಟೇ ತಿಳಿಯಾಗಿತ್ತು. ಈಗ ಅದು ಮೊದಲು ಮಸುಕಾಯಿತು, ನೋಡನೋಡುತ್ತಿದ್ದಂತೆ ಬೆಳ್ಳಗಾಯಿತು.

ಕಿಟಕಿ ತೆರೆದು ಮುಗಿಸಿದ್ದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಅದ್ಯಾಕೆ ಹಾಲಿನ ಹಾಗಾಯ್ತು?"

"ನೀರು ಸೇರಿತು. ನಿಮ್ಮ ಮಷಿನ್ ಒಳಗಿದ್ದ ನೀರು."

"ಮಷಿನ್ ಒಳಗೆ ನೀರಾ? ಯಾವಾಗಿಂದ?"

ಭಾವ ಮಧ್ಯೆ ಬಾಯಿ ಹಾಕಿದ. "ಬೆಳಿಗ್ಗೆ ಪೈಪ್ ಬಿಚ್ಚಿತ್ತಲ್ಲ ಅಕ್ಕಾ, ಗಾಳೀಲಿರೋ ತೇವ. ಅಷ್ಟೇ."

ಅಕ್ಕ ಮೀಟರಮ್ಮನನ್ನೇ ನೋಡಿದಳು.

"ಬೆಳಗಿನ ತೇವ ಇಷ್ಟು ಬರಲ್ಲ," ಎಂದಳು ಮೀಟರಮ್ಮ. "ಇದು ಹೋದ ಬೇಸಿಗೆದು. ಆಗ ಪಂಪ್ ಹಾಕಿರ್ಲಿಲ್ಲ. ಅದಕ್ಕೇ ಸುಟ್ಟಿದ್ದು."

ಭಾವ ತಗ್ಗಿದ ದನಿಯಲ್ಲಿ ಹೇಳಿದ, "ಅನ್ನ ಕೊಟ್ಟ ಅಂಗಡಿ ಮರ್ಯಾದೆನ ಬೀದೀಲಿ ಹರಾಜಿಗೆ ಹಾಕ್ತಿದ್ದೀಯಾ?"

"ಇಲ್ಲ ಭಾವ. ಮೂರನೇ ಸಲ ಸುಡದ ಹಾಗೆ ನೋಡ್ಕೋತಿದ್ದೀನಿ. ಅಂಗಡಿ ಬೋರ್ಡ್ ಕೆಳಗೆ ನಾನೂ ನಿಲ್ತೀನಲ್ಲ."

ಅವನು ಸಿಲಿಂಡರನ್ನು ಎತ್ತಿ ಹೆಗಲಿಗೇರಿಸಿದ. "ಗ್ಯಾಸೇ ಇಲ್ದೆ ಏನು ತುಂಬ್ತೀಯೋ ನೋಡ್ತೀನಿ," ಎಂದು ಕುರ್ಚಿಗಳ ನಡುವೆ ಹಾದು ಹೊರಟ. ಅಕ್ಕ ತಡೆಯಲಿಲ್ಲ. ಟೀಚರು ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು.

ಮೀಟರಮ್ಮ ತಿರುಗಿಯೂ ನೋಡಲಿಲ್ಲ. ಪಂಪು ನಿಲ್ಲಿಸಿ, ಬೆಳ್ಳಗಾದ ಎಣ್ಣೆಯನ್ನು ಡಬ್ಬಕ್ಕೆ ಬಸಿದು, ಹೊಸದು ಹಾಕಿ, ಮತ್ತೆ ಹಚ್ಚಿದಳು. ಈ ಸಲ ಅಂಕಿ ಮೊಣಕಾಲು ನೋವಿನವರು ಮೆಟ್ಟಿಲಿಳಿಯುವ ಹಾಗೆ ಇಳಿಯಿತು: ಒಂದಿಷ್ಟು ಇಳಿದು, ನಿಂತು, ಉಸಿರು ತೆಗೆದುಕೊಂಡು, ಮತ್ತೆ ಒಂದಿಷ್ಟು. ಪಂಪಿನ ಸದ್ದು ಬದಲಾಗುತ್ತ ಬಂತು. ಗುರುಗುಟ್ಟುವಿಕೆ ಕರಗಿ, ತೆಳುವಾದ, ಒಣಗಿದ ಟಕಟಕ ಮಾತ್ರ ಉಳಿಯಿತು.

ಮೆಟ್ಟಿಲ ಮೇಲೆ ಸಿಲಿಂಡರು ಕೆಳಗಿಟ್ಟ ಸದ್ದಾಯಿತು. ಭಾವ ಇನ್ನೂ ಹೋಗಿರಲಿಲ್ಲ. ಎಂಜಿನ್ ಸದ್ದು ಬದಲಾದರೆ ಚಾಲಕನಿಗೆ ಎಚ್ಚರವಾಗುವಂತೆ ಅವನ ಕಿವಿಗೂ ಅದು ತಾಕಿರಬೇಕು. ಹಿಂದಿರುಗಿ ಬಂದು, ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ. ಗಾಜಿನಲ್ಲಿ ಎಣ್ಣೆ ತಿಳಿಯಾಗಿತ್ತು. ಅಂಕಿ ಐನೂರರ ಕೆಳಗೆ ಬಂದಿತ್ತು. ಅವಳು ಕವಾಟ ಮುಚ್ಚಿ ಪಂಪು ನಿಲ್ಲಿಸಿದಳು.

ಅಂಕಿ ಏರಿತು.

"ಏರ್ತಿದೆ. ಎಲ್ಲೋ ಸೋರ್ತಿದೆ. ನಿನ್ನ ಬೆಸುಗೆ ಬಿಟ್ಟಿದೆ," ಎಂದ ಭಾವ. ದನಿಯಲ್ಲಿ ಹಳೆಯ ಗೆಲುವು ಇಣುಕಿತು.

"ಇರಿ. ಸೋರಿದ್ರೆ ನಿಲ್ದೇ ಏರ್ತಾ ಹೋಗತ್ತೆ."

ಇಬ್ಬರೂ ನೋಡಿದರು. ಅಂಕಿ ಸಾವಿರ ದಾಟಿತು, ನಿಧಾನವಾಯಿತು, ಇನ್ನೊಂದಿಷ್ಟು ಏರಿ ಅಲ್ಲೇ ಕೂತಿತು.

"ನಿಂತಿತು," ಎಂದ.

"ನಿಂತಿತು ಅಂದ್ರೆ ಸೋರಿಕೆ ಇಲ್ಲ. ನೀರಿನ್ನೂ ಇದೆ." ಅವಳು ಪಂಪು ಹಚ್ಚಿದಳು.

"ಇನ್ನೂನಾ!" ಎಂದರು ಒಳಗಿನಿಂದ ಟೀಚರು. ಬಣ್ಣ ತೊಳೆದಾಗಿತ್ತು, ಕೂದಲು ಇದ್ದಿಲಿಗಿಂತ ಕಪ್ಪಾಗಿತ್ತು. ಆದರೂ ಅವರು ಮನೆಗೆ ಹೋಗಿರಲಿಲ್ಲ. ಕುರ್ಚಿಯನ್ನು ಬಾಲ್ಕನಿಯ ಕಡೆ ತಿರುಗಿಸಿಕೊಂಡು ಕೂತಿದ್ದರು.

"ಇನ್ನೂ ಟೀಚರ್."

ಬಿಸಿಲು ಎದುರು ಕಟ್ಟಡದ ಗೋಡೆ ಹತ್ತಿತು. ಅವಳು ಮತ್ತೊಮ್ಮೆ ಎಳೆದಳು, ಮತ್ತೊಮ್ಮೆ ನಿಲ್ಲಿಸಿದಳು. ಭಾವ ಎದ್ದು ಹೋಗಿ ಮೆಟ್ಟಿಲ ಮೇಲಿದ್ದ ಸಿಲಿಂಡರನ್ನು ತಂದು ಪಕ್ಕದಲ್ಲಿಟ್ಟ. ಟೂಲ್ ಬ್ಯಾಗು ಅವಳ ಕಾಲ ಬಳಿ ಬಾಯಿ ತೆರೆದೇ ಬಿದ್ದಿತ್ತು. ಅವನು ಕೂತಾಗ ಅದು ಅಡ್ಡ ಬಂತು. ಕಟ್ಟು ಎನ್ನಲಿಲ್ಲ, ಅವಳ ಕೈಗೆಟಕುವಂತೆ ಸರಿಸಿದ. ಅಂಕಿ ಐನೂರರ ಕೆಳಗೇ ಇತ್ತು. ಚೂರು ಏರಿತು. ನಿಂತಂತೆ ಕಂಡಿತು.

ಅವನ ಕೈ ಸಿಲಿಂಡರಿನ ಮುಚ್ಚಳದ ಮೇಲಿತ್ತು. ತಿರುಗಿಸುವ ಮುಂಚೆ ತಡೆದು, ಮೀಟರನ್ನಲ್ಲ, ಅವಳನ್ನು ನೋಡಿದ.

"ಈಗ?"

ಇಷ್ಟು ದಿನದಲ್ಲಿ ಅವನು ಅವಳನ್ನು ಹಾಗೆ ಕೇಳಿದ್ದು ಇದೇ ಮೊದಲು. ಅವಳು ಬಕೆಟ್ಟಿನ ಮೇಲಿಂದ ಕದಲಲಿಲ್ಲ. ಅಂಕಿಯ ಮೇಲಿನ ಕಣ್ಣನ್ನೂ ತೆಗೆಯಲಿಲ್ಲ.

"ಇನ್ನೂ ಇಲ್ಲ," ಎಂದಳು.

ಭಾವ ಮುಚ್ಚಳದಿಂದ ಕೈ ತೆಗೆದ.