ಹಿಚ್ಚಿಗೆ ಅರಿಶಿನ ಹಚ್ಚಿದ ದಿನ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಮೀಸೆ ಬೋಳಿಸಿ. ಬೇಕಾದರೆ ನನ್ನ ಹೆಂಡತಿ ಗಿರಿಜಾಳನ್ನು ಕೇಳಿ. ನನ್ನ ಪರವಾಗಿ ಸಾಕ್ಷಿ ಹೇಳುವ ಚಾಳಿ ಅವಳಿಗಿಲ್ಲ.

ಅಂದು ಶನಿವಾರ. ಹರ್ಷ ನನ್ನನ್ನು ಜೋಸೆಫನ ಗ್ಯಾರೇಜಿಗೆ ಕರೆದೊಯ್ದಿದ್ದ. ಬೆಂಗಳೂರಿನಿಂದ ನಾವಿರುವ ಈ ಪರದೇಶಕ್ಕೆ ಟೆಲಿಕಾಂ ಕೆಲಸಕ್ಕೆ ಬಂದವನು, ಹೊಸ ಪಿಕಪ್ಪು ಕೊಂಡಿದ್ದ. ಮಗಳು ಸಾನ್ವಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಮನೆಯಷ್ಟು ದೊಡ್ಡ ಟ್ರೇಲರನ್ನು ನೈವಾಶಾ ಸರೋವರಕ್ಕೆ ಎಳೆದೊಯ್ಯುವ ಆಸೆ ಅವನಿಗೆ. ಅದಕ್ಕೆ ಫಿಫ್ತ್ ವೀಲ್ ಹಿಚ್ ಬೇಕು. ಪಿಕಪ್ಪಿನ ತೊಟ್ಟಿಯೊಳಗೆ ಕೂರಿಸುವ ಕಬ್ಬಿಣದ ತಟ್ಟೆ ಅದು. ಟ್ರೇಲರಿನ ಮೂತಿ ಅದರ ಮೇಲೆ ಕೂತು ತಿರುಗುತ್ತದೆ. ಕದಲದೆ ಕೂತಿರುವ ಹಿಚ್ಚೋ, ತಿರುವಿನಲ್ಲಿ ಹಿಂದಕ್ಕೆ ಸರಿಯುವ ಸ್ಲೈಡಿಂಗ್ ಹಿಚ್ಚೋ? ಜೋಸೆಫ್ ಡ್ರಿಲ್ ಹಿಡಿದು ಕಾಯುತ್ತಿದ್ದ.

“ಫಿಕ್ಸೆಡ್ಡೇ ಸಾಕಲ್ವಾ ಸದಾಶಿವ್ ಸರ್? ಸಿಂಪಲ್ಲು, ಗಟ್ಟಿ,” ಎಂದ ಹರ್ಷ.

“ನಾನೂ ಹಂಗೇ ಅಂದ್ಕೊಂಡು ಫಿಕ್ಸೆಡ್ಡೇ ಹಾಕ್ಸಿದ್ದೆ. ಬಾ, ಕೂತ್ಕೋ. ನಿನ್ ಗಾಡಿ ಥರಾನೇ ನನ್ ಹಳೇ ಪಿಕಪ್ಪಿಂದೂ ತೊಟ್ಟಿ ಗಿಡ್ಡ. ಎರಡ್ ಸಾವಿರದ ನಾಕು, ಆಯುಧಪೂಜೆ. ಲೊರೆಶೋ ಬಡಾವಣೇಲಿ ನಮ್ ಕನ್ನಡ ಸಂಘದ ಊಟ, ಅಡುಗೆ ಟ್ರೇಲರ್ ನಾನೇ ಎಳೀಬೇಕು. ಬೆಳಗ್ಗೆ ಗಿರಿಜಾ, ‘ಇಷ್ಟು ಕೊಳಕಿಟ್ಕೊಂಡು ಪೂಜೆನಾ?’ ಅಂತ ತಟ್ಟೆ ಮೇಲಿನ ಗ್ರೀಸೆಲ್ಲ ಸೀಗೆಪುಡಿ ಹಾಕಿ ಉಜ್ಜಿ, ಅರಿಶಿನ ಬಳಿದು ಕುಂಕುಮ ಇಟ್ಲು.”

“ಗ್ರೀಸ್ ಇಲ್ದೆ ತಿರುಗುತ್ತಾ?”

“ತಿರುಗ್ಲೇ ಇಲ್ಲ. ದಾರೀಲಿ, ದೊಡ್ಡೋರ ಬಂಗಲೆಗಳಿರೋ ಮುಥೈಗಾದಲ್ಲಿ, ಸ್ಟೀರಿಂಗ್ ಎಡಕ್ಕೆ ಎಳೆದ್ರೂ ಗಾಡಿ ನೇರ. ಯಾವ್ದೋ ರಾಯಭಾರಿ ಮನೆ ಮುಂದಿನ ಗೇಟಲ್ಲಿ ಹೋಗಿ ಹಿಂದಿನ ಗೇಟಲ್ಲಿ ಆಚೆ ಬಂದ್ವಿ. ಕಾವಲಿನವನು ಸೆಲ್ಯೂಟ್ ಹೊಡೆದ.”

“ಸರ್, ರೈಲು ಬಿಡ್ಬೇಡಿ,” ಎಂದು ಹರ್ಷ ನಕ್ಕ.

“ಕೇಳು. ಹಿಂದಿನ ಸೀಟಲ್ಲಿ ಅಡುಗೆ ಗೋಪಾಲ್ ಇದ್ದ. ಗಾಡಿ ನಿಲ್ಸಿದಾಗ ಇಳಿದು, ಮೈಸೂರುಪಾಕಿಗೆ ಅಂತ ತಂದಿದ್ದ ಎರಡು ಡಬ್ಬ ತುಪ್ಪ ತಟ್ಟೆಗೆ ಸುರಿದು ಮತ್ತೆ ಹತ್ತಿ ಕೂತ. ಆಮೇಲೆ ತಿರುಗ್ತು ನೋಡು, ಸ್ವಲ್ಪ ಜಾಸ್ತೀನೇ! ತಟ್ಟೆ ಹಿಂದಕ್ಕೆ ಸರಿಯೋ ಹಂಗಿಲ್ಲ, ಟ್ರೇಲರ್ ಮೂಲೆ ಬಂದು ಹಿಂದಿನ ಗಾಜಿಗೇ ಹೊಡೀತು. ಗಾಜು ಪುಡಿಪುಡಿ. ಗೋಪಾಲ್ ತಲೆಗೂ ಅದಕ್ಕೂ ಇಷ್ಟೇ ದೂರ.” ನಾನು ನಾಲ್ಕು ಬೆರಳು ತೋರಿಸಿದೆ.

ಹರ್ಷನ ನಗು ನಿಂತಿತು. ಅವನು ತನ್ನ ಪಿಕಪ್ಪಿನ ಹಿಂದಿನ ಸೀಟನ್ನೇ ನೋಡುತ್ತಿದ್ದ.

“ಗೋಪಾಲ್ ಗಾಬರಿ ಆಗ್ಲಿಲ್ಲಪ್ಪ. ಕೂತಲ್ಲಿಂದಾನೇ ಟ್ರೇಲರ್ ಕಿಟಕಿಗೆ ಕೈ ಹಾಕಿ ಒಂದ್ ವಡೆ ತಗೊಂಡ. ಬಿಸಿ ಇತ್ತು. ನಾನು ಇಳಿದು, ಒಂದೇ ಕೈಯಲ್ಲಿ ಇಡೀ ಟ್ರೇಲರನ್ನ—”

“ಜೋಸೆಫ್! ಸ್ಲೈಡಿಂಗ್!” ಎನ್ನುತ್ತ ಹರ್ಷ ಎದ್ದು ಹೋಗಿಯೇಬಿಟ್ಟ.